ಆರು ನಿಮಿಷದ ತುಂಡು

ನಮ್ಮ ಆಫೀಸಿನಲ್ಲಿ ಗಂಟೆಗೆ ಹತ್ತು ತುಂಡು,
ತುಂಡಿಗೆ ಆರು ನಿಮಿಷ.
ಯಾವುದು ಯಾವ ಕ್ಲೈಂಟಿನದೆಂದು
ರಾತ್ರಿ ಹೊರಡುವ ಮುಂಚೆ ಬರೆದಿಡಬೇಕು.

ಭದ್ರಾವತಿಯ ನರ್ಸಿಂಗ್ ಹೋಮ್, ಹದಿನೇಳು.
ಸವಳಂಗ ರಸ್ತೆಯ ಟೈಲ್ಸ್ ಅಂಗಡಿ, ಐವತ್ತೊಂದು.
ಅವರ ದಾಸ್ತಾನು ಮೂರು ಸಲ ತಪ್ಪಿತು,
ಮೂರು ಸಲವೂ ತಪ್ಪು ನನ್ನದಾಯಿತು.
ಯಾರ ತಲೆಗೂ ಕಟ್ಟಲಾಗದೆ ನಾಲ್ಕು ಉಳಿದವು:
ಒಂದು, ಮೆಟ್ಟಿಲ ಮೇಲೆ ಕೂತು ತಿಂದ ಚಿತ್ರಾನ್ನ.
ಎರಡು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತದ್ದು.
ಇನ್ನೊಂದು ನೆನಪಿಲ್ಲ.

ನೆನಪಿಲ್ಲದ್ದಕ್ಕೂ ಕೋಡ್ ಇದೆ: ತೊಂಬತ್ತೊಂಬತ್ತು, ಇತರೆ.
ಇತರೆ ಜಾಸ್ತಿಯಾದವರನ್ನು
ವೃಷಭೇಂದ್ರ ಸರ್ ಗಾಜಿನ ಕೋಣೆಗೆ ಕರೆಯುತ್ತಾರೆ.
ಬೈಯುವುದಿಲ್ಲ, ಬಾದಾಮಿ ಹಾಲು ತರಿಸುತ್ತಾರೆ.
'ಇದೂ ಮನೆಯೇ ಅಲ್ಲವೇನಮ್ಮ' ಅನ್ನುತ್ತಾರೆ,
ಸರಿಯಾಗಿ ಮನೆಗೆ ಹೊರಡುವ ಹೊತ್ತಿಗೆ.

ಗೋಡೆಯ ಮೇಲೊಂದು ಬಿಳಿ ಬೋರ್ಡು, ಹನ್ನೊಂದು ಹೆಸರು.
ಬೋರ್ಡು ಬರುವ ಮುಂಚೆ
ನಾನೂ ನಫೀಸಾನೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.
ಅವಳ ಕ್ಯಾಲ್ಕುಲೇಟರಿನಲ್ಲಿ ಏಳು ಒತ್ತಿದರೆ ಬೀಳುತ್ತಿರಲಿಲ್ಲ,
ನನ್ನದನ್ನು ಅತ್ತ ಸರಿಸುತ್ತಿದ್ದೆ.
ಈಗ ಅವಳು ನಾಲ್ಕನೆಯವಳು, ನಾನು ಐದು.

ಸೋಮವಾರ ಅವಳಿಗೆ ಜ್ವರವೆಂದು ಸುದ್ದಿ ಬಂತು.
'ಅಯ್ಯೋ ಪಾಪ' ಅಂದೆ.
ಅದೇ ಉಸಿರಿನಲ್ಲಿ ನನ್ನೊಳಗೆ ಯಾರೋ
ಮೆತ್ತಗೆ ಚಪ್ಪಾಳೆ ತಟ್ಟಿದರು.
ಬೇರೆ ಯಾರೂ ಇರಲಿಲ್ಲ ಅಲ್ಲಿ.
ಗುರುವಾರದ ಹೊತ್ತಿಗೆ ನಾನು ನಾಲ್ಕು.

ರಾತ್ರಿ ಹತ್ತೂಮುಕ್ಕಾಲು. ದುರ್ಗಿಗುಡಿಯ ಶಟರ್‌ಗಳೆಲ್ಲ ಇಳಿದಿವೆ.
ವಿದ್ಯಾನಗರಕ್ಕೆ ಹೊಳೆ ದಾಟಬೇಕು.
ಸೇತುವೆಯ ನಡುವೆ ಸ್ಕೂಟಿ ನಿಲ್ಲಿಸಿದೆ.
ಕೆಳಗೆ ತುಂಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ.
ಫೋನು ನಡುಗಿತು. ನರ್ಸಿಂಗ್ ಹೋಮಿನ ಡಾಕ್ಟರು:
'ಒಂದೇ ನಿಮಿಷ ಮೇಡಂ.'
ಒಂದು ನಿಮಿಷವನ್ನೂ ಆರೆಂದೇ ಬರೆಯುತ್ತೇವೆಂದು
ಅವರಿಗೆ ಗೊತ್ತಿಲ್ಲ.

ಅದು ಮುಗಿದ ಮೇಲೆ, ಫೋನು ಕೈಯಲ್ಲೇ ಇತ್ತಲ್ಲ,
ನಫೀಸಾಗೆ ಹಚ್ಚಿದೆ.
ಒಂದೇ ರಿಂಗಿಗೆ ಎತ್ತಿದಳು.
'ಹೇಳು, ಯಾವ ಫೈಲು?'

ಹೇಳಲು ಫೈಲಿರಲಿಲ್ಲ.
'ಟೈಲ್ಸ್‌ದು' ಅಂದೆ.

ಟೈಲ್ಸ್ ಬಗ್ಗೆಯೇ ಮಾತಾಡಿದೆವು, ಹನ್ನೆರಡು ನಿಮಿಷ.
ಒಡೆದ ಪೆಟ್ಟಿಗೆ ಎಷ್ಟು, ವಾಪಸಾದದ್ದೆಷ್ಟು.
ಹಾಸಿಗೆಯಲ್ಲೇ ಕ್ಯಾಲ್ಕುಲೇಟರ್ ಇಟ್ಟುಕೊಂಡಿದ್ದಳು,
ಕೀಲಿಗಳ ಸದ್ದು ಕೇಳುತ್ತಿತ್ತು.
ಏಳು ಸಾವಿರಕ್ಕೆ ಈಗಲೂ
ಐದು ಸಾವಿರ ಒತ್ತಿ, ಎರಡು ಸಾವಿರ ಕೂಡಿಸುತ್ತಾಳೆ.

ನಡುವೆ ಒಮ್ಮೆ ತುಂಬಾ ಹೊತ್ತು ಕೆಮ್ಮಿದಳು.
ಅದೂ ಸೇರಿ ಎರಡು ತುಂಡು.
ಅಂಗಡಿಯವರ ಖಾತೆಗೆ ಬರೆದೆ.