ಏಳು ದಿನದ ಡಬ್ಬಿ

ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.
ಫಿಸಿಯೋ ಓದುವ ಹುಡುಗಿ ಸೊಂಟಕ್ಕೆ ಕಟ್ಟಿ ಹೇಳಿದಳು:
'ಏಳು ದಿನ, ಆಂಟಿ. ಸ್ನಾನಕ್ಕೆ ಮಾತ್ರ ಬಿಚ್ಚಿ.
ಎಷ್ಟು ನಡೀತೀರ, ಎಷ್ಟು ಕೂರ್ತೀರ,
ಅದೇ ಬರ್ಕೊಳ್ಳುತ್ತೆ.'
ಬರ್ಕೊಳ್ಳಲಿ. ನನ್ನ ಲೆಕ್ಕ ಬರೆದವನು ಇದುವರೆಗೆ
ರೇಷನ್ ಅಂಗಡಿಯವನೊಬ್ಬನೇ.

ಕಾಯಿಲೆಯ ಹೆಸರು ನಾಲಿಗೆಗೆ ಹತ್ತಲಿಲ್ಲ.
ಫೈಬ್ರೊ ಅಂದು ನಿಲ್ಲಿಸುತ್ತೇನೆ,
ಮಿಕ್ಕಿದ್ದು ಚೀಟಿಯಲ್ಲಿದೆ, ಅಕ್ಕಿ ಡಬ್ಬದ ಕೆಳಗೆ.
ರಕ್ತ ಸರಿ. ಎಕ್ಸ್‌ರೇ ಸರಿ.
'ಎಲ್ಲಾ ಸರಿಯಾಗೇ ಇದೆಯಲ್ಲ'
ಗಂಡ ಬಸ್ಸು ಇಳಿಯುವ ತನಕ ಅಂದ,
ಸರಿಯಿರುವುದೇ ನನ್ನ ತಪ್ಪು ಅನ್ನೋ ಹಾಗೆ.

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವಳು ನಾನು,
ಇಪ್ಪತ್ತೆರಡು ವರ್ಷದಿಂದ.
ಕುದಿವ ನೀರಲ್ಲಿ ಗೂಡು ಹೊರಳಿಸಿ
ತುದಿ ಹಿಡಿಯುವುದು ಬೆರಳಿಗೇ ಗೊತ್ತು, ಕಣ್ಣು ಬೇಡ.
ತುದಿ ಸಿಕ್ಕರೆ ಒಂದೇ ಒಂದು ಗೂಡು
ಗೌಡನಕೆರೆ ಏರಿಯುದ್ದಕ್ಕೂ ಬಿಚ್ಚಿಕೊಳ್ಳುತ್ತದೆ.
ಈ ನೋವಿಗೆ ತುದಿ ಸಿಗಲಿಲ್ಲ.
ಬೆಳಿಗ್ಗೆ ಹೆಗಲಲ್ಲಿದ್ದದ್ದು ಊಟದ ಹೊತ್ತಿಗೆ ಮಂಡಿಯಲ್ಲಿ,
ಕೆಲವು ದಿನ ಸೀರೆ ನೆರಿಗೆ ತಾಕಿದರೂ ಉರಿ.

ನಡೀರಿ ಅಂತಾರೆ ಡಾಕ್ಟರು.
ಕೂತರೆ ಹಿಡ್ಕೊಳ್ಳುತ್ತದೆ. ಅದು ನಿಜ, ನನಗೂ ಗೊತ್ತು.
ಮಂಗಳವಾರ ನಡೆದೆ, ಏರಿ ಮೇಲೆ, ಆ ಕೊನೆಯ ಹುಣಸೆಮರದ ತನಕ.
ಕೊಕ್ಕರೆ ಕಂಡೆ. ಬೆವೆತೆ. ಖುಷಿಯಾಗಿತ್ತು.
ಬುಧವಾರ, ಗುರುವಾರ ಚಾಪೆ ಬಿಟ್ಟು ಏಳಲಿಲ್ಲ.
ಅದನ್ನೂ ಬರ್ಕೊಂಡಿರಬೇಕು ಡಬ್ಬಿ:
ಸೋಮಾರಿ, ಎರಡು ದಿನ.

ಕೂರುವುದು ಅಂದರೇನು ಅಂತ ಅದಕ್ಕೆ ಯಾರು ಹೇಳಬೇಕು?
ಬೇಸಿನ್ ಮುಂದೆ ಎಂಟು ಗಂಟೆ ಕೂತವಳ
ಸೊಂಟ ಅಲ್ಲಾಡುವುದಿಲ್ಲ, ಬೆರಳು ನಿಲ್ಲುವುದಿಲ್ಲ.
ಡಬ್ಬಿ ಇರುವುದು ಸೊಂಟದಲ್ಲಿ.
ಪಕ್ಕದ ಬೇಸಿನ್ನಿನ ನೂರುನ್ನೀಸಾ ಅಂದಳು,
'ಬೆರಳಿಗೆ ಕಟ್ಟಿದ್ರೆ ಇಷ್ಟೊತ್ತಿಗೆ
ನೀನು ತಿರುಪತೀಲಿರ್ತಿದ್ದೆ, ನಾನು ಅಜ್ಮೀರಲ್ಲಿ.'

ಶುಕ್ರವಾರ ಒಂದು ಕಳ್ಳಕೆಲಸ ಮಾಡಿದೆ.
ನಾದಿನಿಯ ಮಗ, ಆರು ವರ್ಷ, ಆಡಲು ಹೊರಟಿದ್ದ;
ಅವನ ಚಡ್ಡಿಗೆ ಕಟ್ಟಿ ಕಳಿಸಿದೆ.
ಅವನು ತಿರುಗಿ ಬರುವತನಕ ಗೋಡೆಗೊರಗಿ
ಕಾಯಿಲೆಯಿಲ್ಲದವಳಾಗಿ ಕೂತಿದ್ದೆ.

ಎಂಟನೇ ದಿನ ಹುಡುಗಿ ಲ್ಯಾಪ್‌ಟಾಪ್ ತೆರೆದಳು.
ದಿನಕ್ಕೊಂದು ಸಾಲು, ಸಾಲಿನ ಮೇಲೆ ಕಪ್ಪು ಗೆರೆಗಳು,
ರಾಗಿ ಕೊಯ್ದ ಹೊಲದ ಕೂಳೆ ಹಾಗೆ.
ಶುಕ್ರವಾರದ ಮೇಲೆ ಬೆರಳಿಟ್ಟು ನಕ್ಕಳು, ಕೇಳಲಿಲ್ಲ.
ಆಮೇಲೆ ಬೆರಳು ಹಿಂದಕ್ಕೆ ಸರಿಯಿತು.
'ಇದೇನು ಆಂಟಿ? ರಾತ್ರಿ ಎರಡೂವರೆ. ದಿನಾ ಇದೆ.'

ಗೋಡೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ,
ಬಾಗಿಲಿಂದ ಗೋಡೆಗೆ ಹನ್ನೊಂದು.
ದೀಪ ಹಾಕದೆ, ಕಾಲುಂಗುರ ನೆಲಕ್ಕೆ ತಾಕಿಸದೆ.
ಇಪ್ಪತ್ತು ಸಲವೋ ಮೂವತ್ತು ಸಲವೋ,
ಎಣಿಸಿದವರಿಲ್ಲ ಅಂದುಕೊಂಡಿದ್ದೆ.

ಗಂಡ ಬಗ್ಗಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.
'ನಿದ್ದೆ ಮಾಡ್ತಿದ್ದಳಲ್ಲ,' ಅಂದ,
ಹುಡುಗಿಗೆ, ನನಗಲ್ಲ.

ಡಬ್ಬಿ ಬೇರೆ ಯಾರದೋ ಸೊಂಟಕ್ಕೆ ಹೋಯಿತು.
ಪಟ್ಟಿಯ ಗುರುತು ಇನ್ನೂ ನವೆಯುತ್ತದೆ.
ಆ ರಾತ್ರಿ ಎದ್ದೆ. ಏಳನೇ ಹೆಜ್ಜೆಯಲ್ಲಿ
ಕತ್ತಲೊಳಗಿಂದ ಅವನ ದನಿ:
'ಎಷ್ಟಾಯ್ತು?'

'ಏಳು,' ಅಂದೆ.
ಕಾಲುಂಗುರ ನೆಲಕ್ಕೆ ತಾಕಿತು.