ಬಾಳಂ ಬಿಟ್ಟಂ

ದಾವಣಗೆರೆ, ಮಂಡಿಪೇಟೆಯ ಒಂದು ಸಂದಿ.
ಮೆಣಸಿನಕಾಯಿ ಘಾಟಿಗೂ ಸೀಮೆಎಣ್ಣೆ ವಾಸನೆಗೂ ನಡುವೆ
ನಮ್ಮ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ,
ಸತ್ತವರ ಕಾರ್ಡಿಗೆ ಕಪ್ಪು ಅಂಚು.
ನನಗೆ ಹದಿನಾರು. ಮೊಳೆ ತೊಳೆದು, ಒಣಗಿಸಿ,
ಅವವುಗಳ ಮನೆಗೆ ಕಳಿಸುವುದು ಕೆಲಸ.
ಳ-ದ ಮನೆಯಲ್ಲಿ ಲ ಬಿದ್ದರೆ
ಬುಡನ್ ಸಾಬರ ಸ್ಟಿಕ್ಕು ನನ್ನ ಬೆರಳಗೆಣ್ಣಿನ ಮೇಲೆ.

ಹಾಲಸಿದ್ದಪ್ಪ ಮೇಷ್ಟ್ರು ಬಂದದ್ದು ಶನಿವಾರ,
ಮಡಚಿದ ಕೊಡೆಯೊಳಗೆ ಸುತ್ತಿಟ್ಟ ಕಾಗದ.
ಜಗಳೂರಿನ ಕಡೆ ಯಾರದೋ ಸಜ್ಜೆ ಹೊಲದ ಬದು,
ಅಲ್ಲಿ ಎಮ್ಮೆ ಮೈ ತಿಕ್ಕುವ ಕಲ್ಲು.
ಅದರ ಮೇಲೆ ಮಸಿ ಒತ್ತಿ ತಂದಿದ್ದರು,
ದನ ಹೊಡೆಯಲು ಬಂದವರಿಗೆ ಅಡ್ಡ ನಿಂತವನ
ಒಂದೇ ಸಾಲು:

ಬಾಳಂ ಪಿಡಿದು ಬಾೞಂ ಬಿಟ್ಟಂ.

"ಎರಡೂ ಒಂದೇ ಅಲ್ರೀ?" ಅಂದೆ.
"ಮೊದಲನೇದು ಕತ್ತಿ. ನಾಲಗೆ ಮಡಚಿ ಅಂಗುಳಕ್ಕೆ ಬಡಿ.
ಎರಡನೇದು ಬದುಕು. ಬಡೀಬೇಡ.
ಹಿಂದಕ್ಕೆ ಸರಿಸು, ಗಾಳಿಗೆ ದಾರಿ ಬಿಡು."
ಬಿಟ್ಟು ನೋಡಿದೆ. ಎರಡು ಸಲವೂ ಕತ್ತಿಯೇ ಬಂತು.
ಎಂಟುನೂರು ವರ್ಷವಾಯಿತಂತೆ ಆ ಗಾಳಿ ನಿಂತು.
ಅಂದಿನಿಂದ ನಮ್ಮ ಬಾಯಲ್ಲಿ
ಕತ್ತಿಯೂ ಬದುಕೂ ಒಂದೇ ಒರೆಯಲ್ಲಿ ಮಲಗುತ್ತವೆ.

ಸಾಬರು ಕೇಸಿನ ಮೂಲೆಮೂಲೆ ತಡಕಿದರು.
ಮದರಾಸಿನ ಹೊಸ ಮೊಳೆ, ಮೈಸೂರಿನ ಸವೆದ ಮೊಳೆ,
ಯಾರೂ ಎರಕ ಹೊಯ್ದಿರಲಿಲ್ಲ ಅದನ್ನು.
"ಳ ಹಾಕಲೇ?"
ಕೊಡೆ ನೆಲಕ್ಕೆ ಕುಟ್ಟಿತು.
"ಹಾಕಿದ್ರೆ ಏನಾಗುತ್ತೆ ಗೊತ್ತೇನ್ರೀ?
ಕತ್ತಿ ಹಿಡಿದ, ಕತ್ತಿ ಬಿಟ್ಟ ಅಂತಾಗುತ್ತೆ!
ಓಡಿಹೋದ ಅಂತಾಗುತ್ತೆ!
ಸಾವಿರ ವರ್ಷ ಎಮ್ಮೆ ತಿಕ್ಕಿದರೂ ಹೋಗದ ಮಾನ
ನಿಮ್ಮ ಒಂದು ಮೊಳೆಗೆ ಹೋಗುತ್ತೆ."

ಸಾಬರು ಸುಮ್ಮನಿದ್ದರು.
ಸಂದಿಯಲ್ಲಿ ಮೂಟೆ ಹೊತ್ತವರು ನಾಲ್ಕು ಜನ ಹಾದರು.
ಆಮೇಲೆ, ಗ್ಯಾಲಿಯಿಂದ ಕಣ್ಣು ಎತ್ತದೆ,
"ಮಿಲ್ಲಿನ ಗಲಾಟೆ ವರ್ಷ ನನ್ನ ಕೈಗೂ ಒಂದು ಕೊಟ್ಟಿದ್ರು ಮೇಷ್ಟ್ರೇ.
ಎಣ್ಣೆ ಹಚ್ಚಿದ್ದು. ಪೇಪರ್ ಸುತ್ತಿದ್ದು.
ಗೇಟಿನ ಆಚೆ ನಿಂತೋನು ನನ್ನ ಪಕ್ಕದ ಮಗ್ಗದೋನೇ,
ಹೊನ್ನೂರಪ್ಪ.
ಚರಂಡೀಗೆ ಬಿಟ್ಟೆ. ಓಡಿದೆ.
ಅದಕ್ಕೇ ನಾನಿಲ್ಲಿ ಮೊಳೆ ಕೂಡಿಸ್ತೀನಿ,
ಅವನು ಹೊಂಡದ ಸರ್ಕಲ್ಲಿನಾಗೆ ಮಂಡಕ್ಕಿ ಕಲಸ್ತಾನೆ.
ನಂಗೆ ಯಾವ ಳ ಹಾಕ್ತೀರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು,
ಒರೆಸಿದ್ದನ್ನೇ ಒರೆಸಿದರು.

ಕೊನೆಗೆ ಉಪಾಯ ಸಾಬರದೇ.
ಇಲ್ಲದ ಅಕ್ಷರದ ಜಾಗದಲ್ಲಿ
ಇನ್ಯಾವುದೋ ಮೊಳೆ ತಲೆಕೆಳಗಾಗಿ ನಿಂತಿತು.
ಅಚ್ಚಾದಾಗ ಅಲ್ಲಿ ಎರಡು ಕಪ್ಪು ಗುರುತು,
ಯಾರೋ ಜೋಡಿ ಪಾದ ಊರಿದ ಹಾಗೆ.
ಮೇಷ್ಟ್ರು ಮೂರು ಸಂಜೆ ಕೂತರು. ಇನ್ನೂರು ಪ್ರತಿ.
ಒಂದೊಂದಕ್ಕೂ ಆ ಗುರುತಿನ ಮೇಲೆ ೞ ತಿದ್ದಿ,
ಒಂದೊಂದು ಸಲವೂ ಬಾಯಿಬಿಟ್ಟು ಹೇಳಿ.
ಎರಡನೆಯ ಸಂಜೆ ಹೊತ್ತಿಗೆ ಸಾಬರೂ
ಮಸಿ ರೋಲರ್ ತಿಕ್ಕುತ್ತ ಜೊತೆಗೆ ಅನ್ನುತ್ತಿದ್ದರು.
ಅವರಿಗೆ ಬಂತು ಅದು. ನನಗೆ ಇವತ್ತಿಗೂ ಬಂದಿಲ್ಲ.

ಪೆನ್ನು ಮುಟ್ಟುವ ಮೊದಲೇ ಒಂದು ಪ್ರತಿ ಕದ್ದಿದ್ದೆ.

ಪ್ರೆಸ್ಸು ಹೋಯಿತು. ಸೀಸ ತೂಕಕ್ಕೆ ಹೋಯಿತು,
ಳ-ವೂ ಲ-ವೂ ಒಂದೇ ಗೋಣಿಯಲ್ಲಿ.
ಹಾಳೆ ಇದೆ. ಮೊನ್ನೆ ಸಾಬರ ಮೊಮ್ಮಗ
ಆ ಕಪ್ಪು ಪಾದಗಳ ಮೇಲೆ ಬೆರಳಿಟ್ಟು ಕೇಳಿದ,
"ಇದೇನು ಅಂಕಲ್, ಮಿಸ್ಟೇಕಾ?
ಏನು ಬಿಟ್ಟ ಇವನು?"

ಮೊಳೆ ಇರಲಿಲ್ಲ ಕಣೋ, ಅಂದೆ.