ಎಡಗಡೆಯ ಸೀಟು

ನಮ್ಮ ದೇಶದಲ್ಲಿ ರಸ್ತೆಯ ಬಲಕ್ಕೆ ಹೋಗಬೇಕು.
ಜಪಾನಿನಲ್ಲಿ ಸವೆದು, ಹಡಗಿಳಿದು ಬಂದ ಕಾರಿಗೆ
ಸ್ಟೀರಿಂಗೂ ಬಲಕ್ಕೇ.
ಹಾಗಾಗಿ ಮುಂದೊಂದು ಲಾರಿ ಸಿಕ್ಕರೆ
ಅಪ್ಪನಿಗೆ ಕಾಣುವುದು ಲಾರಿಯ ಬೆನ್ನು ಮಾತ್ರ;
ಎದುರಿನಿಂದ ಬರುವುದು ಕಾಣುವುದು
ಎಡಗಡೆ ಕೂತವರಿಗೆ.

ಎಡಗಡೆ ಕೂತವನು ನಾನು. ಹತ್ತು ವರ್ಷ.

"ನೋಡೋ ಒಚಿರ್, ಬರ್ತಿದೆಯಾ?"
ಕತ್ತು ಚಾಚಿ, ಗಾಜಿಗೆ ಮೂಗೊತ್ತಿ,
"ಇಲ್ಲಪ್ಪಾ, ನುಗ್ಗು."
ಆ ಒಂದು ಮಾತಿಗೆ ಇಡೀ ಕಾರು ಎದ್ದು ಓಡುತ್ತಿತ್ತು,
ಮನೆಯಲ್ಲಿ ಕುರಿಮರಿಯೂ ಕೇಳದ ನನ್ನ ಮಾತಿಗೆ.
"ಗಿಡುಗನ ಕಣ್ಣು ನನ್ನ ಮಗಂದು" ಎಂದು
ದಾರ್ಖಾನಿನ ಹೋಟೆಲಿನಲ್ಲಿ ಅಪ್ಪ ಹೇಳಿದ್ದ,
ಉಪ್ಪು ಚಹ ಹೀರುವ ಆರೇಳು ಡ್ರೈವರುಗಳ ಮುಂದೆ.

ಅಪ್ಪನ ಕೈಗೆ ಬೇರೆ ಕೆಲಸ ಬಹಳ.
ಪೈನ್ ಬೀಜ ಹಲ್ಲಲ್ಲಿ ಸೀಳಿ
ಸಿಪ್ಪೆಯನ್ನು ಕಿಟಕಿಯಾಚೆ ಥೂ ಎನ್ನುವುದು.
ಕಿವಿಗೂ ಭುಜಕ್ಕೂ ನಡುವೆ ಫೋನು, ಫೋನಿನೊಳಗೆ
ಉಣ್ಣೆಯ ದರ, ಚಿಕ್ಕಪ್ಪನ ಸಾಲ, ಬೈಗುಳ.
ಬೆಲ್ಟಿನ ಕೊಂಡಿಯನ್ನು ಬೆನ್ನ ಹಿಂದೆಯೇ ಸಿಕ್ಕಿಸಿದ್ದ,
ಕೀಂ ಕೀಂ ಎನ್ನುವ ಕಾರಿನ ಬಾಯಿ ಮುಚ್ಚಿಸಲು.
"ಕಾರು ನಂಬಿದರೆ ಸಾಕು" ಎಂದು ನಗುತ್ತಿದ್ದ.
ಸ್ಟಾರ್ಟ್ ಮಾಡಿದಾಗಲೆಲ್ಲ ಅದರೊಳಗಿಂದ
ಒಬ್ಬ ಜಪಾನಿ ಹೆಂಗಸು ಮೆಲ್ಲಗೆ ಏನೋ ಹೇಳುವಳು.
ಏನೆಂದು ಯಾರಿಗೂ ತಿಳಿಯದು.
"ಆಯ್ತು ತಾಯೀ" ಎಂದು ಗೇರು ಹಾಕುವನು.

ಆ ದಿನವೂ ಅಜ್ಜಿ ಸೌಟಿನಲ್ಲಿ ಹಾಲು ತಂದು
ಹೊರಟ ಚಕ್ರದ ಹಿಂದೆ ಚಿಮುಕಿಸಿದ್ದಳು.
ಉಲಾನ್‌ಬಾತರಿನ ದಾರಿ. ಮುಂದೆ ಕಲ್ಲಿದ್ದಲ ಲಾರಿ.
"ಬರ್ತಿದೆಯಾ?"

ಬರುತ್ತಿತ್ತು.
ದೂರದಲ್ಲಿ, ಬಿಳಿ, ಉಗುರಿನಷ್ಟು.
ದೂರ ಅಳೆಯಲು ನನಗೆ ಗೊತ್ತಿದ್ದದ್ದು
ಕುದುರೆಯ ಲೆಕ್ಕ.
ಬರುತ್ತಿದ್ದದ್ದು ಕುದುರೆಯಾಗಿದ್ದರೆ
ನಾವು ಲಾರಿ ದಾಟಿ, ಇಳಿದು, ಒಲೆ ಹೂಡಿ
ಚಹ ಕುಡಿದು ಕಾಯಬಹುದಿತ್ತು.
ಹಿಂದಿನ ಸೀಟಲ್ಲಿ ಸಂಬೂ ಮಾವ ಬೇರೆ ಎಚ್ಚರವಿದ್ದ.
ಗಿಡುಗ ತಡವರಿಸಬಾರದು.

"ಇಲ್ಲಪ್ಪಾ, ನುಗ್ಗು."

ಉಗುರು ಅಂಗೈಯಾಯಿತು. ಅಂಗೈ ಬಾಗಿಲಾಯಿತು.
ಬಾಗಿಲಲ್ಲಿ ಹಳದಿ ಸ್ಕಾರ್ಫು, ತೆರೆದ ಬಾಯಿ.
ಆಮೇಲೆ ಗಾಜಿನ ತುಂಬ
ಬರೀ ಆಕಾಶ.

ನಮಗೇನೂ ಆಗಲಿಲ್ಲ.
ಪೈನ್ ಬೀಜ ಚೆಲ್ಲಿದವು.
ಕನ್ನಡಿಯಲ್ಲಿ, ರಸ್ತೆ ಬಿಟ್ಟು ಹುಲ್ಲಿಗಿಳಿದ ಬಿಳಿ ಕಾರು
ಒಂದು ಸುತ್ತು. ಇನ್ನೊಂದು. ಧೂಳು.
"ಬಯಲಲ್ವಾ" ಅಂದ ಅಪ್ಪ, ಬಹಳ ಹೊತ್ತಿನ ಮೇಲೆ,
ನಿಲ್ಲಿಸದೆ, "ಬಯಲಲ್ಲಿ ಏನೂ ಆಗಲ್ಲ."
ಕಾಲಡಿಗೆ ಬಿದ್ದ ಫೋನಿನಲ್ಲಿ
ಚಿಕ್ಕಪ್ಪ ಹಲೋ ಹಲೋ ಅನ್ನುತ್ತಲೇ ಇದ್ದ.
ಮಾವ ಕೈಯಾಡಿಸಿ ಬೆಲ್ಟು ಹುಡುಕುತ್ತಿದ್ದ.

ನಿನಗೆ ಕಂಡಿತ್ತೇನೋ ಎಂದು ಅಪ್ಪ ಕೇಳಲಿಲ್ಲ.
ಆಸ್ಪತ್ರೆಯಲ್ಲಿ ಕೊನೆಯ ವಾರವೂ
ಬೇರೆಲ್ಲ ಕೇಳಿದ, ಅದೊಂದನ್ನು ಕೇಳಲಿಲ್ಲ.
ನಾನೂ ದಿಂಬು ಸರಿಮಾಡಿ ಎದ್ದುಬಂದೆ.

ಜಪಾನಿ ಕಲಿತ ಹುಡುಗಿಯೊಬ್ಬಳು ಮೊನ್ನೆ ಹೇಳಿದಳು,
ಕಾರಿನ ಹೆಂಗಸು ಹೇಳುತ್ತಿದ್ದದ್ದು
"ಕಾರ್ಡು ಹಾಕಿಲ್ಲ" ಎಂದಂತೆ.
ಅಲ್ಲೆಲ್ಲೋ ಟೋಲ್ ಕಟ್ಟುವ ಕಾರ್ಡು.
ಇಷ್ಟು ವರ್ಷ ನಾನು ಬೇರೆ ಏನೋ ಅಂದುಕೊಂಡಿದ್ದೆ.

ಈಗ ಬಲಗಡೆ ನಾನು.
ಎಡಗಡೆಯ ಸೀಟಲ್ಲಿ ಹಿಟ್ಟಿನ ಮೂಟೆ,
ಅದಕ್ಕೂ ಬೆಲ್ಟು.
ಹಿಂದಿನಿಂದ ಮಗಳು ನಾಮೂನ್,
"ಅಪ್ಪಾ, ಬಗ್ಗಿ ನೋಡ್ಲಾ? ನಂಗೆ ಕಾಣುತ್ತೆ."
ಬೇಡ. ಕುರಿ ಎಣಿಸು.
"ಎಣಿಸಾಯ್ತು."
ಮತ್ತೆ ಎಣಿಸು.

ಸೇತುವೆಯಿಂದ ಇಲ್ಲಿಯವರೆಗೂ ಒಂದೇ ಲಾರಿಯ ಹಿಂದೆ.
ಅದರ ಸಡಿಲ ಹಗ್ಗ, ಒಡೆದ ದೀಪ,
ಮಸಿಯ ಮೇಲೆ ಯಾರದೋ ಬೆರಳು ಬರೆದ ಹೆಸರು
ಎಲ್ಲ ಬಾಯಿಪಾಠ.
ಹಿಂದಿನವರು ಹಾರನ್ ಒತ್ತಿ, ಬೈದು, ದಾಟುತ್ತಾರೆ.
ಲಾರಿಯವನೂ ಬೇಸತ್ತು ಕಿಟಕಿಯಿಂದ ಕೈಚಾಚಿ
ಬಾ, ಖಾಲಿ ಇದೆ, ದಾಟು ಎಂದು ಬೀಸುತ್ತಾನೆ.

ಆ ಕೈಗೆ ಎಷ್ಟು ವರ್ಷವೋ
ನನಗೇನು ಗೊತ್ತು.